ನಲವತ್ತು ಮೈಲಿಯ ಬೆಳಗು

ಈ ಪತ್ರಿಕೆಯ ವಾಚಕರು ನನ್ನ ಲೇಖನಿಯಿಂದ ಚೆಂಡಾಟದ ವಿಷಯವನ್ನು ನಿರೀಕ್ಷಿಸಿರಲಾರರು. ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಅಮರಕೋಶವನ್ನೂ ಲಘುಕೌಮುದಿಯನ್ನೂ ಕಂಠಪಾಠ ಮಾಡಿ, ಮುಂದೆ ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಹುಡುಗರಿಗೆ ಕನ್ನಡ ಸಂಸ್ಕೃತಗಳನ್ನು ಹೇಳಿಕೊಟ್ಟವನಿಗೆ ಕ್ರಿಕೆಟ್ಟಿನ ಗೊಡವೆ ಏತಕ್ಕೆಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ನ್ಯಾಯವಾದುದೇ ಸರಿ. ಆಟವನ್ನು ನಾನು ಆಡಿದವನಲ್ಲ. ಬಹುಕಾಲ ಅದನ್ನು ಹಳಿದವನು. ಹಳಿದುದರ ಲೆಕ್ಕವನ್ನು ಒಪ್ಪಿಸಬೇಕಾಗಿ ಬಂದುದರಿಂದಲೇ ಈ ಬರೆಹ.

ಕಳೆದ ಮಾಘಮಾಸದಲ್ಲಿ ಒಂದು ಸಂಜೆ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಶಹಾಪುರದಲ್ಲಿ ಗೊಬ್ಬರ ಬೀಜಗಳ ಅಂಗಡಿಯನ್ನಿಟ್ಟುಕೊಂಡು ಮರ್ಯಾದೆಯಿಂದ ಬಾಳುತ್ತಿರುವ ಗೃಹಸ್ಥನು. ಜೊತೆಯಲ್ಲಿ ಹನ್ನೆರಡು ಹದಿಮೂರು ವರ್ಷದ ಮಗಳಿದ್ದಳು. ಕಾಲಿಗೆರಗಿ, ಚಹ ಕುಡಿದು, ಹತ್ತಿಯ ಧಾರಣೆ, ಕಾಲುವೆಯ ನೀರಿನ ಸರದಿ ಮುಂತಾದ ಲೋಕವಾರ್ತೆಗಳೆಲ್ಲ ಮುಗಿದ ಮೇಲೆ, ತಲೆ ತಗ್ಗಿಸಿಕೊಂಡು, "ಸರ, ಹುಡುಗಿ ಎಡಗೈಲೆ ಚೆಂಡ ಎಸಿತಾಳ್ರಿ. ಯಾದಗಿರಿಯಾಗ ಕಲಸೋರು ಒಬ್ಬರು ಅದಾರ. ಮುಂಜಾನೆ ಕಳಸ್ಬೇಕೇನ್ರಿ, ಬ್ಯಾಡೇನ್ರಿ? ನೀವೇ ಹೇಳ್ರಿ" ಎಂದನು.

ಆ ಮಾತನ್ನು ಅವನು ಯಾವ ಕೊಂಕೂ ಇಲ್ಲದೆ ಆಡಿದನು. ನನಗೆ ಮಾತ್ರ ಅದು ಇಪ್ಪತ್ತೆಂಟು ವರ್ಷಗಳಷ್ಟು ಹಿಂದಿನ ಒಂದು ಮಧ್ಯಾಹ್ನವನ್ನು ಎದುರಿಗೆ ತಂದು ನಿಲ್ಲಿಸಿತು.

1997ರ ಚಳಿಗಾಲದ ಮಾತು. ಆಗ ಇವನೇ ಹತ್ತನೆಯ ತರಗತಿಯ ಹುಡುಗ. ನಮ್ಮ ಭೀಮರಾಯನಗುಡಿಯು ಕೃಷ್ಣಾ ಮೇಲ್ದಂಡೆ ಯೋಜನೆಯಿಂದ ಬೆಳೆದ ಊರೆಂಬುದು ಈ ಸೀಮೆಯವರಿಗೆ ತಿಳಿದುದೇ. ನಾರಾಯಣಪುರದ ಜಲಾಶಯದಿಂದ ಕಾಲುವೆ ಬಂದಿತು. ಕಾಲುವೆಯ ಹಿಂದೆ ಇಂಜಿನಿಯರರೂ ಗುಮಾಸ್ತರೂ ಬಂದರು. ಅವರ ಸಾಲುಮನೆಗಳು ಎದ್ದುವು. ಆ ಮನೆಗಳ ಹುಡುಗರು ಮೈಸೂರು ಬೆಂಗಳೂರುಗಳ ಕಡೆಯಿಂದ ದಾಂಡುಗಳನ್ನು ತಂದರು. ಜೋಳ ತೊಗರಿಗಳ ಹೊಲಗಳಲ್ಲಿ ಭತ್ತ ಬಂದಂತೆ, ಚಿಣಿದಾಂಡು ಕಬಡ್ಡಿಗಳಿದ್ದ ಬಯಲಿನಲ್ಲಿ ಕ್ರಿಕೆಟ್ಟು ಬಂದಿತು. ಊರ ಹುಡುಗರು ಮೊದಲು ದೂರ ಹೋದ ಚೆಂಡನ್ನು ಎತ್ತಿಕೊಡುತ್ತಿದ್ದರು. ಒಂದೆರಡು ವರ್ಷಗಳಲ್ಲಿ ತಾವೇ ಎಸೆಯುತ್ತಿದ್ದರು. ನನ್ನ ಈ ಶಿಷ್ಯನು ಎಡಗೈಯಿಂದ ಎಸೆಯುತ್ತಿದ್ದ ತಿರುಗುಚೆಂಡನ್ನು ನೋಡಲು ಸಾಲುಮನೆಗಳ ಹಿರಿಯರೂ ಸಂಜೆ ನಿಲ್ಲುತ್ತಿದ್ದರೆಂದು ಕೇಳಿದ್ದೆನು. ನಾನು ನಿಂತವನಲ್ಲ.

ಒಂದು ದಿನ ಪಾಠ ಹೇಳುತ್ತಿದ್ದಾಗ ಅವನ ಪುಸ್ತಕದಿಂದ ವರ್ತಮಾನಪತ್ರದ ತುಣುಕೊಂದು ಕೆಳಗೆ ಬಿದ್ದಿತು. ಎತ್ತಿ ನೋಡಿದೆ, ಎಡಗೈಯನ್ನು ಮೇಲೆತ್ತಿ ಚೆಂಡನ್ನು ಬಿಡುತ್ತಿರುವ ಒಬ್ಬ ಆಟಗಾರನ ಚಿತ್ರ. "ಯಾರಿದು?" ಎಂದರೆ, "ಗದಗಿನ ಸುನೀಲ ಜೋಶಿಯವರ್ರಿ, ಸರ" ಎಂದನು. ಗದಗು ಎಂದೊಡನೆ ನನಗೆ ನೆನಪಾಗುವವನು ಕುಮಾರವ್ಯಾಸ. ತರಗತಿಗೆ ಆ ಅಂತರವನ್ನು ಕುರಿತು ಒಂದು ಚುಚ್ಚುಮಾತನ್ನಾಡಿ, ಹುಡುಗರನ್ನು ನಗಿಸಿ, ಚಿತ್ರವನ್ನು ನನ್ನ ಪುಸ್ತಕದೊಳಗೆ ಇಟ್ಟುಕೊಂಡೆನು. ಅದಾದ ಕೆಲವು ವಾರಗಳಿಗೆ ಅವನು ಒಂದು ಕಾಗದವನ್ನು ತಂದನು. ರಾಯಚೂರಿನಲ್ಲಿ ವಲಯದ ಬಾಲಕರ ಆಯ್ಕೆ; ತರಗತಿಯ ಉಪಾಧ್ಯಾಯರ ರುಜು ಬೇಕು; ಎರಡು ದಿನಗಳ ರಜೆ ಬೇಕು. ಆ ಎರಡು ದಿನಗಳಲ್ಲಿಯೇ ಪೂರ್ವಸಿದ್ಧತಾ ಪರೀಕ್ಷೆ. ನಾನು ರುಜು ಮಾಡಲಿಲ್ಲ. ಅವನು ಅಳಲಿಲ್ಲ, ವಾದಿಸಲಿಲ್ಲ. "ಆಗ್ಲಿ ಸರ" ಎಂದು ಹೋದನು. ಪರೀಕ್ಷೆಯಲ್ಲಿ ಎರಡನೆಯ ದರ್ಜೆ ಬಂದಿತು. ನಾನು ಅದನ್ನು ನನ್ನ ಜಯವೆಂದೇ ಎಣಿಸಿದೆನು.

ಹೀಗಿರಲು ಮಗಳನ್ನು ಮುಂದಿಟ್ಟುಕೊಂಡು ಅವನು ಕೇಳಿದ ಪ್ರಶ್ನೆಗೆ ನಾನು ಒಡನೆ ಏನನ್ನು ಹೇಳಬಲ್ಲೆನಾಗಿದ್ದೆ? ಎಂಟು ದಿನಗಳ ಅವಧಿಯನ್ನು ಬೇಡಿದೆನು. ಪರೀಕ್ಷೆಗೆ ಓದುವ ಹುಡುಗನಂತೆ ಆ ಎಂಟು ದಿನ ಕುಳಿತು, ನಾನು ನಗೆಯಾಡಿದ್ದ ಆ ಗದಗಿನ ಆಟಗಾರನ ವೃತ್ತಾಂತವನ್ನು ಸಾಧ್ಯವಾದಷ್ಟು ಓದಿಕೊಂಡೆನು.

ಸುನೀಲ ಜೋಶಿಯವರು ಹುಟ್ಟಿದ್ದು 1970ರ ಜೂನ್ 6ರಂದು, ಗದಗಿನಲ್ಲಿ. ಆ ಊರಿನಲ್ಲಿ ಮೇಲುಮಟ್ಟದ ಅಭ್ಯಾಸಕ್ಕೆ ಅನುಕೂಲವಿರಲಿಲ್ಲ, ಅನುಕೂಲವಿದ್ದುದು ಹುಬ್ಬಳ್ಳಿಯಲ್ಲಿ. ನಡುವೆ ಹತ್ತಿರ ಹತ್ತಿರ ನಲವತ್ತು ಮೈಲಿ. ಬಾಲಕ ಜೋಶಿಯವರು ಬೆಳಗಾಗುವುದರೊಳಗೆ ಹೊರಟು, ಹುಬ್ಬಳ್ಳಿಯಲ್ಲಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳಿ ಗದಗನ್ನು ಸೇರುತ್ತಿದ್ದರಂತೆ. ಹೋಗುತ್ತ ನಲವತ್ತು, ಬರುತ್ತ ನಲವತ್ತು. ಒಂದು ದಿನದ ಹರಕೆಯಲ್ಲ, ದಿನಂಪ್ರತಿಯ ವ್ರತ. ಈ ವಾಕ್ಯವನ್ನು ಓದಿ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು. ಆ ಹುಡುಗನ ದಾರ್ಢ್ಯವನ್ನು ಎಲ್ಲರೂ ಕೊಂಡಾಡುವರು. ನನ್ನ ಮನಸ್ಸು ಹೋದದ್ದು ಬೇರೆಡೆಗೆ: ಗದಗಿನ ಆ ಶಾಲೆಯಲ್ಲಿ ಹಾಜರಿಯ ಪುಸ್ತಕವನ್ನು ಹಿಡಿದಿದ್ದ ಉಪಾಧ್ಯಾಯರ ಕಡೆಗೆ. ಎಂದಾದರೂ ಒಂದು ದಿನ ಬಂಡಿ ತಡವಾಗಿರದೆ ಇದ್ದೀತೆ? ಬೆವರಿನ ಅಂಗಿಯಲ್ಲಿ ಹುಡುಗನು ಬಾಗಿಲಲ್ಲಿ ನಿಂತಾಗ ಅವರು ಏನೆಂದಿರಬಹುದು? ನಾನಾಗಿದ್ದರೆ ಏನನ್ನುತ್ತಿದ್ದೆನೆಂಬುದು ನನಗೆ ಚೆನ್ನಾಗಿ ಗೊತ್ತು.

ಇಲ್ಲಿ ಪ್ರಾಂತ್ಯದ ತಂಡವೆಂದರೇನೆಂದು, ಆಟದ ಪರಿಚಯವಿಲ್ಲದ ವಾಚಕರಿಗಾಗಿ, ಎರಡು ಮಾತು ಹೇಳಬೇಕು. ನವಾನಗರದ ಜಾಮಸಾಹೇಬರಾಗಿದ್ದ ರಣಜಿತ್‌ಸಿಂಹಜಿಯವರ ಹೆಸರಿನ ಪಾರಿತೋಷಕಕ್ಕಾಗಿ ನಮ್ಮ ದೇಶದ ಪ್ರಾಂತ್ಯಗಳು 1934ರಿಂದ ತಮ್ಮ ತಮ್ಮೊಳಗೆ ಆಡುತ್ತ ಬಂದಿವೆ. ಆ ವರ್ಷದ ನವೆಂಬರ್ 4ರಂದು ಮದರಾಸಿನಲ್ಲಿ ನಡೆದ ಮೊಟ್ಟಮೊದಲ ಪಂದ್ಯದಲ್ಲಿ ಆಡಿದವರು ಮದರಾಸಿನವರೂ ಮೈಸೂರಿನವರೂ. ಮೈಸೂರಿನವರು ಒಂದೇ ದಿನದಲ್ಲಿ ಎರಡು ಸಲವೂ ಔಟಾಗಿ ಸೋತು ಊರಿಗೆ ಮರಳಿದರು. ನಮ್ಮ ಪ್ರಾಂತ್ಯದ ಆರಂಭ ಹೀಗೆ. ಆದರೆ 'ನಮ್ಮ' ಎಂಬ ಮಾತನ್ನು ಶಹಾಪುರ ಸುರಪುರಗಳವರು ಆಗ ಆಡುವಂತಿರಲಿಲ್ಲ. ನಾವು ನಿಜಾಮರ ಸೀಮೆಯವರು. 1937-38ರಲ್ಲಿ ಈ ಪಾರಿತೋಷಕವನ್ನು ಗೆದ್ದ ಹೈದರಾಬಾದು ತಂಡವು ಅಂದಿನ ಲೆಕ್ಕದಲ್ಲಿ ನಮ್ಮದು. ಗದಗಿನವರು ಮುಂಬಯಿ ಇಲಾಖೆಗೆ ಸೇರಿದವರು. 1956ರ ನವೆಂಬರ್ 1ರಂದು ಎಲ್ಲರೂ ಒಂದು ರಾಜ್ಯದವರಾದೆವು. 1973ರ ನವೆಂಬರಿನಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಆ ಹೆಸರು ಬಂದ ಋತುವಿನಲ್ಲಿಯೇ, ಸತತವಾಗಿ ಹದಿನೈದು ವರ್ಷ ಗೆದ್ದಿದ್ದ ಮುಂಬಯಿಯನ್ನು ಬೆಂಗಳೂರಿನಲ್ಲಿ ಕೆಡೆದು, ಬಳಿಕ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಕರ್ನಾಟಕವು ಮೊದಲ ಬಾರಿಗೆ ರಣಜಿಯನ್ನು ಮನೆಗೆ ತಂದಿತು. ಆಗ ನಾನು ಪಾಠಶಾಲೆಯಲ್ಲಿದ್ದ ಬಾಲಕ. ನಮ್ಮ ಗುರುಗಳು ರೇಡಿಯೋ ಶಬ್ದವನ್ನು ಸಹಿಸುತ್ತಿರಲಿಲ್ಲವಾದುದರಿಂದ ಆ ಸುದ್ದಿ ನನಗೆ ತಿಳಿದದ್ದು ವರ್ಷಗಳ ಮೇಲೆ.

ಆ ತಂಡದ ನಾಯಕರು ಪ್ರಸನ್ನರು. ಅವರ ಹೆಸರನ್ನು 1997ರಲ್ಲಿ ನಾನು ನನ್ನ ಶಿಷ್ಯನ ಮೇಲೆ ಅಸ್ತ್ರದಂತೆ ಪ್ರಯೋಗಿಸಿದ್ದುಂಟು. ಯಾರೋ ಸಹೋದ್ಯೋಗಿಗಳಿಂದ ಕೇಳಿ ತಿಳಿದುಕೊಂಡದ್ದು: 1962ರಲ್ಲಿ ದೇಶಕ್ಕಾಗಿ ಆಡಿ ವೆಸ್ಟ್ ಇಂಡೀಸಿಗೂ ಹೋಗಿ ಬಂದ ಪ್ರಸನ್ನರು ಇಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸುವುದಕ್ಕಾಗಿ ಹಿಂದೆ ಸರಿದು, ದೇಶದ ತಂಡಕ್ಕೆ ಮರಳಿ ಬಂದದ್ದು 1967ರಲ್ಲಿ. "ನೋಡು, ಅಂಥವರೇ ಓದನ್ನು ಮುಗಿಸಿದರು; ನೀನು ಮೊದಲು ಹತ್ತನೆಯದನ್ನು ಮುಗಿಸು" ಎಂದಿದ್ದೆನು. ಉದಾಹರಣೆ ಸತ್ಯವೇ, ತರ್ಕವು ಸತ್ಯವಲ್ಲ. ಪ್ರಸನ್ನರು ಬಾಗಿಲೊಳಕ್ಕೆ ಹೋಗಿ, ಇದ್ದು, ತಾವಾಗಿ ಹೊರಗೆ ಬಂದರು; ಮತ್ತೆ ಒಳಕ್ಕೆ ಹೋದರು. ನನ್ನ ಹುಡುಗನಿಗೆ ನಾನು ಬಾಗಿಲನ್ನು ತೋರಿಸಿದ್ದೇ ಇಲ್ಲ. ನ್ಯಾಯಶಾಸ್ತ್ರವನ್ನು ಓದಿದವನಿಗೆ ಹೇತ್ವಾಭಾಸವನ್ನು ಗುರುತಿಸುವುದಕ್ಕೆ ಇಷ್ಟು ವರ್ಷ ಹಿಡಿಯಿತು!

ಜೋಶಿಯವರು ಕರ್ನಾಟಕದ ತಂಡಕ್ಕೆ ಬಂದದ್ದು 1992-93ರಲ್ಲಿ. ರಣಜಿಯ ಪಂದ್ಯವೆಂದರೆ ದೂರದರ್ಶನದಲ್ಲಿ ಮೂರು ತಾಸಿನೊಳಗೆ ಮುಗಿಯುವ ಇಂದಿನ ಉತ್ಸವವಲ್ಲ. ನಾಲ್ಕು ನಾಲ್ಕು ದಿನಗಳ ದುಡಿತ; ಅನೇಕ ವೇಳೆ ನೋಡುವವರು ಬೆರಳೆಣಿಕೆಯ ಮಂದಿ; ರೈಲಿನ ಪ್ರಯಾಣ, ಬೇರೆ ಬೇರೆ ಊರುಗಳ ನೀರು, ಒಣಗಿದ ನೆಲ. ಅಂಥ ನೆಲದ ಮೇಲೆ ಎಡಗೈಯ ತಿರುಗುಚೆಂಡನ್ನು ಎಸೆಯುವವನ ಕೆಲಸವು ದಿನಕ್ಕೆ ಮೂವತ್ತು ಮೂವತ್ತೈದು ಓವರು ಒಂದೇ ಸ್ಥಳಕ್ಕೆ ಚೆಂಡನ್ನು ಬೀಳಿಸುವುದು. 1995-96ರ ರಣಜಿಯಲ್ಲಿ ಜೋಶಿಯವರು 52 ವಿಕೆಟ್ಟುಗಳನ್ನು ಕಿತ್ತರಲ್ಲದೆ 529 ಓಟಗಳನ್ನೂ ಗಳಿಸಿದರು. ಒಂದೇ ಋತುವಿನಲ್ಲಿ ಐವತ್ತು ವಿಕೆಟ್ಟು, ಐನೂರು ಓಟ ಎರಡೂ ಒಬ್ಬನಿಗೆ ದೊರೆಯುವುದು ಬಲು ಅಪರೂಪವೆಂದು ಬಲ್ಲವರು ಹೇಳುವರು. ಆ ವರ್ಷ ಕರ್ನಾಟಕವು ಹದಿಮೂರು ವರ್ಷಗಳ ಮೇಲೆ ಪಾರಿತೋಷಕವನ್ನು ಗೆದ್ದಿತು. ಮತ್ತೆ 1997-98ರಲ್ಲಿ, 1998-99ರಲ್ಲಿ ಗೆದ್ದಿತು. 1999ರ ಅಂತಿಮ ಪಂದ್ಯದ ವರ್ಣನೆಯನ್ನು ಓದುತ್ತ ನಾನು ಊಟದ ಹೊತ್ತನ್ನು ಮರೆತು ಮನೆಯವರಿಂದ ಮಾತು ಕೇಳಿದೆನು. ಮಧ್ಯಪ್ರದೇಶದವರು ಮೊದಲ ಸರದಿಯಲ್ಲಿ 75 ಓಟ ಮುಂದಿದ್ದರು. ಪಂದ್ಯ ಸುಮ್ಮನೆ ಕೊನೆಗಂಡರೂ ಪಾರಿತೋಷಕ ಅವರದೇ. ಕೊನೆಯ ದಿನದ ಕೊನೆಯ ಭಾಗದಲ್ಲಿ ವಿಜಯ ಭಾರದ್ವಾಜರು 24 ಓಟಗಳಿಗೆ ಆರು ಮಂದಿಯನ್ನು ಕೆಡಹಿದರು; ಕರ್ನಾಟಕವು 96 ಓಟಗಳಿಂದ ಗೆದ್ದಿತು. ಭಾರದ್ವಾಜರು ಹೆಸರುವಾಸಿಯಾದದ್ದು ದಾಂಡಿನಿಂದ. ಅಂದು ಊರನ್ನು ಕಾಯ್ದದ್ದು ಅವರ ಚೆಂಡು. ಇಂಥ ದಿನ ಇನ್ನೊಬ್ಬರದಾಗುವುದನ್ನು ಕಂಡು ಸಂತೋಷಪಡುವುದು ತಂಡದಲ್ಲಿ ದುಡಿಯುವವನಿಗೆ ಅಗತ್ಯವಾದ ಒಂದು ವಿದ್ಯೆಯೆಂದು ತೋರುತ್ತದೆ.

ಈ ಒಂದೇ ಸ್ಥಳಕ್ಕೆ ಸಾವಿರ ಸಲ ಚೆಂಡನ್ನು ಬೀಳಿಸುವ ಕೆಲಸವನ್ನು ಕುರಿತು ಓದುವಾಗ ನನಗೆ ನನ್ನ ಪಾಠಶಾಲೆಯೇ ಕಣ್ಣಿಗೆ ಕಟ್ಟಿತು. ವೇದದ ವಿದ್ಯಾರ್ಥಿಯು ಒಂದೇ ಮಂತ್ರವನ್ನು ಪದವಾಗಿ, ಕ್ರಮವಾಗಿ, ಜಟೆಯಾಗಿ, ಘನವಾಗಿ ಹಿಂದುಮುಂದು ಮಾಡಿ ಹೇಳುತ್ತಾನೆ. ಹೊರಗಿನವನಿಗೆ ಅದು ಬೇಸರದ ಗುನುಗು. ಒಳಗಿದ್ದವನಿಗೆ ಪ್ರತಿಯೊಂದು ಆವೃತ್ತಿಯೂ ಬೇರೆ. ಸ್ವರವು ಕೂದಲೆಳೆಯಷ್ಟು ಜಾರಿದರೂ ಗುರುಗಳ ಹುಬ್ಬು ಮೇಲೇರುತ್ತದೆ. ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಕಾಲುವೆಯ ಬಯಲಿನಲ್ಲಿ ಇಟ್ಟಿಗೆಯ ಚೂರೊಂದನ್ನು ನೆಲದ ಮೇಲಿಟ್ಟು ಅದಕ್ಕೇ ಗುರಿಯಿಟ್ಟು ಎಸೆಯುತ್ತಿದ್ದ ನನ್ನ ಶಿಷ್ಯನೂ ಅದನ್ನೇ ಮಾಡುತ್ತಿದ್ದನು. ಅವನ ಜಟಾಪಾಠವು ನನ್ನ ಕಿವಿಗೆ ಕೇಳಿಸಲಿಲ್ಲ.

ದೇಶದ ತಂಡಕ್ಕೆ ಜೋಶಿಯವರನ್ನು 1996ರಲ್ಲಿ ಕರೆದರು. ಆ ಜೂನಿನಲ್ಲಿ ಇಂಗ್ಲೆಂಡಿನ ಎಡ್ಜ್‌ಬ್ಯಾಸ್ಟನ್ನಿನಲ್ಲಿ ಮೊದಲ ಟೆಸ್ಟನ್ನು ಆಡಿದರು. ಎಲ್ಲರಿಗೂ ನೆನಪಿರುವುದು 1999ರ ಸೆಪ್ಟೆಂಬರಿನಲ್ಲಿ ಆಫ್ರಿಕದ ನೈರೋಬಿಯಲ್ಲಿ ನಡೆದ ಸಂಗತಿ. ದಕ್ಷಿಣ ಆಫ್ರಿಕದವರ ಎದುರಿನಲ್ಲಿ ಹತ್ತು ಓವರು ಎಸೆದರು. ಅವುಗಳಲ್ಲಿ ಆರು ಓವರುಗಳಿಂದ ಒಂದು ಓಟವೂ ಹುಟ್ಟಲಿಲ್ಲ. ಒಟ್ಟು ಕೊಟ್ಟದ್ದು ಆರು ಓಟ, ಕಿತ್ತದ್ದು ಐದು ವಿಕೆಟ್ಟು. ಅರುವತ್ತು ಚೆಂಡುಗಳಲ್ಲಿ ಆರು ಓಟವೆಂದರೆ, ಮನೆಯಲ್ಲಿ ಪಂದ್ಯ ನೋಡುವ ನಮ್ಮ ಮೊಮ್ಮಗನು ಮೊದಲು ನಂಬಲಿಲ್ಲ. "ಮುತ್ಯಾ, ತಪ್ಪ ಓದೀರಿ" ಎಂದನು. ಮುಂದೆ 2000ದ ನವೆಂಬರಿನಲ್ಲಿ ಬಾಂಗ್ಲಾದೇಶವು ಢಾಕಾದಲ್ಲಿ ತನ್ನ ಮೊದಲ ಟೆಸ್ಟನ್ನಾಡಿದಾಗ ಒಂದು ಸರದಿಯಲ್ಲಿ ಐದು ವಿಕೆಟ್ಟನ್ನೂ ದಾಂಡಿನಿಂದ 92 ಓಟವನ್ನೂ ಸಂಪಾದಿಸಿ ಪಂದ್ಯದ ಶ್ರೇಷ್ಠ ಆಟಗಾರನೆನಿಸಿಕೊಂಡರು. ಎಲ್ಲ ಸೇರಿ 15 ಟೆಸ್ಟು, 69 ಒಂದು ದಿನದ ಪಂದ್ಯ. 2001ರ ತರುವಾಯ ದೇಶದ ತಂಡದಿಂದ ಕರೆ ಬರಲಿಲ್ಲ. ಆಗ ಅವರಿಗೆ ಮೂವತ್ತೊಂದನೆಯ ವರ್ಷ.

ಕೀರ್ತಿಯ ಚರಿತ್ರೆಯನ್ನು ಬರೆಯುವವರು ಇಲ್ಲಿ ಲೇಖನಿಯನ್ನು ಕೆಳಗಿಡುವರು. ನನಗೆ ಅವರ ಜೀವನವು ಇಲ್ಲಿಂದ ಮುಂದೆಯೇ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು. ದೇಶವು ಕರೆಯದೆ ಹೋದ ಮೇಲೆ ಜೋಶಿಯವರು 2010-11ರವರೆಗೆ, ಎಂದರೆ ಹೆಚ್ಚು ಕಡಿಮೆ ಇನ್ನೂ ಹತ್ತು ಋತುಗಳು, ತಮ್ಮ ಪ್ರಾಂತ್ಯಕ್ಕಾಗಿ ಎಸೆದರು. ನಿವೃತ್ತಿಯನ್ನು ಸಾರಿದ್ದು 2012ರಲ್ಲಿ. ರಣಜಿಯೊಂದರಲ್ಲಿಯೇ ಅವರ ವಿಕೆಟ್ಟುಗಳು 479. ಅವರು ಆಟವನ್ನು ಬಿಟ್ಟಾಗ ಅವರಿಗಿಂತ ಹೆಚ್ಚು ಕಿತ್ತವರು ಇಡೀ ದೇಶದಲ್ಲಿ ಇಬ್ಬರೇ, ಹರಿಯಾಣದ ರಾಜಿಂದರ ಗೋಯಲ್ಲರೂ ತಮಿಳುನಾಡಿನ ವೆಂಕಟರಾಘವನ್ನರೂ. ಗೋಯಲ್ಲರಿಗಂತೂ ಭಾರತಕ್ಕಾಗಿ ಒಂದು ಟೆಸ್ಟನ್ನಾಡುವ ಯೋಗವೂ ಕೂಡಿಬರಲಿಲ್ಲ. ಎಲ್ಲ ಬಗೆಯ ದೊಡ್ಡ ಪಂದ್ಯಗಳನ್ನು ಕೂಡಿಸಿದರೆ ಜೋಶಿಯವರ ಗಳಿಕೆ 160 ಪಂದ್ಯಗಳಲ್ಲಿ 615 ವಿಕೆಟ್ಟು, ಐದು ಸಾವಿರಕ್ಕೆ ಮೀರಿದ ಓಟ. ಇದರಲ್ಲಿ ದೇಶದ ಟೆಸ್ಟುಗಳ ಪಾಲು 41 ವಿಕೆಟ್ಟು ಮಾತ್ರ. ಹದಿನೈದರಲ್ಲಿ ಒಂದು ಭಾಗವನ್ನು ಲೋಕ ನೋಡಿತು; ಮಿಕ್ಕ ಹದಿನಾಲ್ಕು ಭಾಗಗಳು ಬಹುಮಟ್ಟಿಗೆ ಖಾಲಿ ಮೆಟ್ಟಿಲುಗಳ ಎದುರಿಗೆ ಆದುವು.

ಉಪಾಧ್ಯಾಯನಾದವನು ಈ ಲೆಕ್ಕವನ್ನು ಓದಿ ಸುಮ್ಮನಿರುವುದು ಕಷ್ಟ. ನಮ್ಮ ವೃತ್ತಿಯೂ ಇಂಥದೇ. ವರ್ಷಕ್ಕೊಂದು ಸಲ ಇನ್‌ಸ್ಪೆಕ್ಟರರು ಬಂದು ಅರ್ಧ ತಾಸು ನೋಡುವರು. ಉಳಿದ ಪಾಠವೆಲ್ಲ ನಲವತ್ತು ಹುಡುಗರ ಎದುರಿಗೆ, ಅವರಲ್ಲಿ ಹತ್ತು ಮಂದಿ ನಿದ್ರೆಯಲ್ಲಿ.

ಪ್ರಾಂತ್ಯದ ಆಟವೊಂದರಿಂದಲೇ ಹೊಟ್ಟೆ ಹೊರೆಯಬಹುದೇ ಎಂಬುದು ಗೃಹಸ್ಥರಾದವರೆಲ್ಲ ಕೇಳುವ ಪ್ರಶ್ನೆ. 1997ರಲ್ಲಿ ನಾನೂ ಕೇಳಿದ್ದೆನು. ಆಗ ಅದಕ್ಕೆ ಉತ್ತರವು ಬಹುಶಃ ಇಲ್ಲವೆಂದೇ. ಬ್ಯಾಂಕಿನಲ್ಲಿಯೋ ರೈಲ್ವೆಯಲ್ಲಿಯೋ ಒಂದು ನೌಕರಿ, ಅದರ ಬಲದ ಮೇಲೆ ಆಟ. ಗುಂಡಪ್ಪ ವಿಶ್ವನಾಥರಂಥವರೂ ಸ್ಟೇಟ್ ಬ್ಯಾಂಕಿನ ನೌಕರಿಯಲ್ಲಿದ್ದವರು. ಹೊರದೇಶಗಳಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ಐರ್ಲೆಂಡಿನಲ್ಲಿ ರಗ್ಬಿಯೆಂಬ ಆಟವುಂಟು; ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಹಿಡಿದು, ಅಡ್ಡ ಬಂದವರನ್ನು ನೂಕಿ ಓಡುವ ಒರಟಾದ ಆಟ. ಅಲ್ಲಿಯೂ ಅಲ್‌ಸ್ಟರ್, ಮನ್‌ಸ್ಟರ್, ಲೀನ್‌ಸ್ಟರ್, ಕಾನಾಕ್ಟ್ ಎಂಬ ನಾಲ್ಕು ಪ್ರಾಂತ್ಯಗಳ ನಾಲ್ಕು ತಂಡಗಳು. 1995ರ ವರೆಗೆ ಆ ಆಟದಲ್ಲಿ ಆಟಗಾರನಿಗೆ ಸಂಬಳ ಕೊಡುವುದೇ ನಿಷಿದ್ಧವಾಗಿತ್ತು. ಆ ವರ್ಷದ ಆಗಸ್ಟಿನಲ್ಲಿ ನಿಷೇಧವನ್ನು ತೆಗೆದರು. ಪ್ರಾಂತ್ಯದ ತಂಡವೇ ಜೀವನೋಪಾಯವಾದವರು ಅಲ್ಲಿ ಆಮೇಲೆ ಹುಟ್ಟಿದರು. ನಮ್ಮಲ್ಲಿ 2008ರಲ್ಲಿ ನಗರಗಳ ಹೆಸರಿನ ಪಂದ್ಯಾವಳಿ ಬಂದು ಹಣದ ಹೊಳೆ ಹರಿಯಿತು. ಜೋಶಿಯವರು ಮೂವತ್ತೆಂಟನೆಯ ವಯಸ್ಸಿನಲ್ಲಿ ಬೆಂಗಳೂರು ತಂಡದ ಅಂಗಿಯನ್ನು ಕೆಲಕಾಲ ತೊಟ್ಟರಾದರೂ, ಆ ಹೊಳೆಯ ನೀರು ಅವರ ಕಾಲದವರ ಹೊಲಕ್ಕೆ ತಡವಾಗಿ ಬಂದಿತು. ಕಾಲುವೆಯ ಕೊನೆಯಂಚಿನ ರೈತರು ಈ ಮಾತನ್ನು ಬಲ್ಲರು. ಈಗ ರಣಜಿಯ ಪಂದ್ಯಗಳಿಗೂ ಮರ್ಯಾದೆಯ ಸಂಭಾವನೆಯುಂಟು; 2021ರಲ್ಲಿ ಪರಿಷ್ಕರಿಸಿದಂತೆ ಆಡುವ ಹನ್ನೊಂದು ಮಂದಿಗೆ, ಅವರ ಅನುಭವವನ್ನು ನೋಡಿ, ದಿನಕ್ಕೆ 40,000ದಿಂದ 60,000 ರೂಪಾಯಿಗಳವರೆಗೆ ಗೊತ್ತುಮಾಡಿದರು. ಆ ಹನ್ನೊಂದರೊಳಗೆ ಸೇರುವವರು ಎಷ್ಟು ಮಂದಿ ಎಂಬ ಪ್ರಶ್ನೆ ಮಾತ್ರ ಎಂದಿನಂತೆಯೇ ಇದೆ.

ಆಟ ಮುಗಿದ ಮೇಲೆ ಜೋಶಿಯವರು ಗುರುಗಳಾದರು. ಹೈದರಾಬಾದಿಗೆ, ಜಮ್ಮು ಕಾಶ್ಮೀರಕ್ಕೆ, ಅಸ್ಸಾಮಿಗೆ, ಹೊರಗಡೆ ಒಮಾನಿಗೂ ಬಾಂಗ್ಲಾದೇಶಕ್ಕೂ ಹೋಗಿ ಕಲಿಸಿದರು. 2020ರ ಮಾರ್ಚಿನಲ್ಲಿ ದೇಶದ ಆಯ್ಕೆ ಮಂಡಲಿಯ ಅಧ್ಯಕ್ಷರಾದರು. ಇವುಗಳಲ್ಲಿ ಒಂದನ್ನು ಮಾತ್ರ ನಾನು ಬಿಡಿಸಿ ಹೇಳುವೆನು. 2014ರ ಸೆಪ್ಟೆಂಬರಿನಲ್ಲಿ ಕಾಶ್ಮೀರದಲ್ಲಿ ಭಾರಿ ನೆರೆ ಬಂದು ಶ್ರೀನಗರದ ಆಟದ ಬಯಲೂ ಹಾಳಾಯಿತು. ಅಭ್ಯಾಸಕ್ಕೆ ನೆಲೆಯಿಲ್ಲದ ಆ ಹುಡುಗರನ್ನು ಕರೆದುಕೊಂಡು ಬೇರೆ ಬೇರೆ ಊರುಗಳಲ್ಲಿ ತರಬೇತು ಮಾಡಿಸಬೇಕಾಯಿತು. ಡಿಸೆಂಬರಿನಲ್ಲಿ ಅವರು ಮುಂಬಯಿಗೆ ಹೋಗಿ, ನಲವತ್ತು ಸಲ ರಣಜಿಯನ್ನು ಗೆದ್ದಿದ್ದ ತಂಡವನ್ನು ಅದರ ಮನೆಯಂಗಳದಲ್ಲಿಯೇ ನಾಲ್ಕು ವಿಕೆಟ್ಟುಗಳಿಂದ ಸೋಲಿಸಿದರು. ನಾಯಕರು ಪರ್ವೇಜ್ ರಸೂಲರು. ಕಲಿಸಿದವರು ಗದಗಿನ ಜೋಶಿಯವರು. ಊರಿನಲ್ಲಿ ನೆಲೆಯಿಲ್ಲದೆ ಪರವೂರಿಗೆ ಹೋಗಿ ಅಭ್ಯಾಸ ಮಾಡುವುದೇನೆಂಬುದನ್ನು ಆ ಹುಡುಗರಿಗೆ ಅವರು ಮಾತಿನಲ್ಲಿ ಹೇಳಬೇಕಾಗಿರಲಿಲ್ಲ.

ಎಂಟು ದಿನಗಳು ಹೀಗೆ ಕಳೆದುವು. ನಡುವೆ ಒಂದು ದಿನ ಕಪಾಟಿನಲ್ಲಿ ಹುಡುಕಿದಾಗ ನನ್ನ ಹಳೆಯ ಅಮರಕೋಶದ ಪ್ರತಿಯಲ್ಲಿ, ದ್ವಿತೀಯಕಾಂಡದ ನಡುವೆ, ಆ ವರ್ತಮಾನಪತ್ರದ ತುಣುಕು ಸಿಕ್ಕಿತು. ಹಳದಿಯಾಗಿತ್ತು, ಮಡಿಕೆಯ ಜಾಗದಲ್ಲಿ ಕೈಯ ಅರ್ಧ ಭಾಗ ಹರಿದಿತ್ತು.

ಒಂಬತ್ತನೆಯ ದಿನ ತಂದೆಮಗಳಿಬ್ಬರೂ ಬಂದರು. ಹುಡುಗಿಯನ್ನೇ ಕೇಳಿದೆನು: "ನಿನಗ ಯಾರಂಗ ಆಗಬೇಕು, ತಂಗಿ?" ಅವಳು ಒಂದು ಕ್ಷಣವೂ ತಡೆಯದೆ, "ರಾಜೇಶ್ವರಿ ಗಾಯಕವಾಡರಂಗ, ಮುತ್ಯಾ" ಎಂದಳು. ಅವರು ಯಾರೆಂದು ನಾನು ಅವಳಿಂದಲೇ ಕಲಿತೆನು. ನೆರೆಯ ವಿಜಯಪುರದವರು, ಇವಳಂತೆಯೇ ಎಡಗೈಯವರು, 2017ರ ವಿಶ್ವಕಪ್ಪಿನಲ್ಲಿ, ಇಂಗ್ಲೆಂಡಿನ ಡರ್ಬಿಯಲ್ಲಿ, ನ್ಯೂಜಿಲೆಂಡಿನ ಮಹಿಳೆಯರ ಎದುರು 15 ಓಟ ಕೊಟ್ಟು ಐದು ವಿಕೆಟ್ಟು ಕಿತ್ತು ಭಾರತವನ್ನು ಉಪಾಂತ್ಯಕ್ಕೆ ಮುಟ್ಟಿಸಿದವರು. ಮಗಳು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರೆ ತಂದೆಯು ನೆಲವನ್ನು ನೋಡುತ್ತಿದ್ದನು. ನಾನು ತುಣುಕನ್ನು ತೆಗೆದು ಅವನ ಕೈಗೆ ಕೊಟ್ಟೆನು. ಬಹಳ ಹೊತ್ತು ನೋಡಿದನು. "ಇದು ಇನ್ನಾ ಇಟ್ಟೀರೇನ್ರಿ ಸರ?" ಎಂದನಷ್ಟೆ. ಇಟ್ಟಿದ್ದೆನೆಂದು ಹೇಳಿದರೆ ಪ್ರೀತಿಯಿಂದ ಇಟ್ಟಂತಾಗುವುದು. ಮರೆತಿದ್ದೆನೆಂದರೆ ಅವನಿಗೆ ನೋವಾಗುವುದು. "ಆ ದಿನ ನಾನು ರುಜು ಮಾಡಬೇಕಾಗಿತ್ತು" ಎಂದೆನು. ಅವನು ಏನೂ ಹೇಳಲಿಲ್ಲ. ಹೇಳಬಾರದೆ ಇತ್ತೇ ಎಂದು ನನಗೆ ಆಮೇಲೆ ಅನ್ನಿಸಿತು. ಇಷ್ಟು ವರ್ಷಗಳ ಮೇಲೆ ಅಂಥ ಮಾತು ಆಡಿದವನಿಗೆ ಹಗುರ, ಕೇಳಿದವನಿಗೆ ಭಾರ.

ಆಮೇಲೆ ನಾವು ಕೆಲಸದ ಮಾತಿಗೆ ಬಂದೆವು. ಗದಗಿನಿಂದ ಹುಬ್ಬಳ್ಳಿಗೆ ರೈಲುಹಳಿಯುಂಟು. ನಮ್ಮ ಊರಿಗೆ ಅದಿಲ್ಲ, ಯಾದಗಿರಿಗೆ ಹೋದರೇ ರೈಲಿನ ದರ್ಶನ. ಬೆಳಗಿನ ಬಸ್ಸನ್ನು ನೆಚ್ಚಬೇಕು. ಹೋಗುವುದು ಸುಲಭ, ಮರಳಿ ಬಂದು ಸೇರುವಾಗ ಶಾಲೆಯ ಮೊದಲನೆಯ ಪಾಠ ನಡೆಯುತ್ತಿರುವುದು. ವಾರಕ್ಕೆ ಮೂರು ದಿನ ಹೀಗಾಗುವುದು. ತಂದೆಯು ಹೇಳಿಕೊಳ್ಳಲು ಸಂಕೋಚಪಟ್ಟದ್ದು ಇದನ್ನೇ. ಹುಡುಗಿಯು ಒಬ್ಬಳೇ ಕತ್ತಲಲ್ಲಿ ಬಸ್ಸಿಗೆ ಹೋಗುವ ಚಿಂತೆಗೆ, ಅವಳ ಅಜ್ಜಿ ತಾನೇ ಜೊತೆಗೆ ಹೋಗುವುದಾಗಿ ಒಪ್ಪಿರುವಳಂತೆ. ಶಾಲೆಯ ಚಿಂತೆಗೆ ಯಾರೂ ಒಪ್ಪಿರಲಿಲ್ಲ.

ಅವರು ಹೋದ ಮೇಲೆ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ಹುಡುಗಿಯ ಮುಖ್ಯೋಪಾಧ್ಯಾಯಿನಿಯವರಿಗೆ ಒಂದು ಪತ್ರ ಬರೆದೆನು. ಸೋಮವಾರ, ಬುಧವಾರ, ಶುಕ್ರವಾರಗಳಲ್ಲಿ ಮೊದಲನೆಯ ಪಾಠಕ್ಕೆ ಅವಳು ತಡವಾಗಿ ಬಂದರೆ ಒಳಗೆ ಬಿಡಬೇಕೆಂದೂ, ಆ ಪಾಠವು ಕನ್ನಡದ್ದಾಗಿರುವ ಪಕ್ಷದಲ್ಲಿ ಅದನ್ನು ಭಾನುವಾರ ನನ್ನ ಮನೆಯಲ್ಲಿ ನಾನೇ ಹೇಳಿಕೊಡುವೆನೆಂದೂ ಬರೆದೆನು. ಪತ್ರದ ಕೆಳಗೆ ರುಜು ಮಾಡುವಾಗ ಕೈ ಸ್ವಲ್ಪ ನಿಂತಿತು. ಮರುದಿನ ಶಾಲೆಗೆ ಹೋಗಿ ಪತ್ರವನ್ನು ಜವಾನನ ಕೈಗೆ ಕೊಟ್ಟು ಬಂದೆನು. ಆ ತಾಯಿಯವರು ಇನ್ನೂ ಉತ್ತರ ಕಳುಹಿಸಿಲ್ಲ. ಬರುವ ಸೋಮವಾರದಿಂದ ಹುಡುಗಿಯು ಯಾದಗಿರಿಗೆ ಹೊರಡುವಳು.